ಮುಳ್ಳು ಬಿಡಿಸುವುದು

ವಸ್ತಿ ಬಸ್ಸು ಕಾರವಾರ ಮುಟ್ಟುವಾಗ ಒಂಬತ್ತೂವರೆ.
ಟ್ರಿಪ್ ಶೀಟು ಬರೆದು, ಚಿಲ್ಲರೆ ಎಣಿಸಿ,
ಡ್ರೈವರ್ ಮಕ್ತುಮಸಾಬ ಗಾಜು ಎಳೆಯುವಷ್ಟರಲ್ಲಿ
ಪೇಟೆಯ ಶಟರುಗಳೆಲ್ಲ ಇಳಿದಿರುತ್ತವೆ.
ಈ ಊರಿನ ರಾತ್ರಿ ಅಂದರೆ ಇಷ್ಟೇ:
ಒಂದು ಔಷಧಿ ಅಂಗಡಿ, ಬಾರಿನ ಹಸಿರು ದೀಪ ಎರಡು,
ಹೆದ್ದಾರಿಯಲ್ಲಿ ಗೋವೆಯ ಲಾರಿ,
ಆಮೇಲೆ ಬೈತಕೋಲದ ತಿರುವಿನಲ್ಲಿ
ಶೇವಂತಿಬಾಯಿಯ ಆರು ಬೆಂಚಿನ ಖಾನಾವಳಿ.

ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇವತ್ತಿನ ಸಮುದ್ರ:
ನೋಗ್ಲಿ, ಶೆಟ್ಲಿ, ತಿಸ್ರೆ, ಬಂಗಡೆ.
ಮುಗಿದದ್ದನ್ನು ಅವಳು ಹೆಬ್ಬೆರಳಲ್ಲಿ ಒರೆಸುತ್ತಾಳೆ.
ತಡವಾಗಿ ಬಂದವರಿಗೆ ಓದಲು ಸಿಗುವುದು
ಒಂದೇ ಹೆಸರು, ಅದೂ ಅರ್ಧ ಅಕ್ಷರ.

ನಾನು ಶಿರಸಿ ಕಡೆಯವ, ಭಟ್ಟರ ಪೈಕಿ.
ನನ್ನ ತಟ್ಟೆಗೆ ಅನ್ನ, ಮುರುಗಲ ಕಡಿ, ಒಂದು ಹಪ್ಪಳ.
ಹತ್ತೊಂಬತ್ತು ವರ್ಷದಿಂದ ಅದೇ ಮೂಲೆ, ಗೋಡೆಗೆ ಮುಖ.
ಅಲ್ಲ, ಮೊದಲ ವರ್ಷ ಮಾತ್ರ ಗೋಡೆಗೆ ಮುಖ.
ಎರಡನೇ ವರ್ಷ ತಿರುಗಿ ಕೂತೆ.
ಮೂರನೆಯದಕ್ಕೆ ಕಾವಲಿಯ ಸದ್ದು ಕೇಳಿಯೇ ಹೇಳುವಷ್ಟಾದೆ,
ಇದು ರವೆ ಹಚ್ಚಿದ ನೋಗ್ಲಿ,
ಇದು ಬರೀ ಖಾರ ಸವರಿದ ಬಂಗಡೆ.
ಜುಮ್ಮನಕಾಯಿ ಜಜ್ಜಿ ಹಾಕಿದ ಸಾರು ಒಲೆ ಇಳಿದರೆ
ನನ್ನ ಮೂಗಿನ ತುದಿಯೂ ಜುಂ ಅನ್ನುತ್ತದೆ.
ಮೂಗಿಗೆ ಮಡಿ ಕಲಿಸಿದವರು ಯಾರಿದ್ದಾರೆ?

ಆ ರಾತ್ರಿ ಬಂದ ಹುಡುಗ ನೇವಿಯವ.
ಊರು ಬಾಡಮೇರ್ ಅಂತೆ, ಮಳೆ ಕಂಡದ್ದೇ ಕಡಿಮೆ.
ಜತೆಯವರು ಪಂತ ಕಟ್ಟಿ ಇಡೀ ಬಂಗಡೆ ಅವನ ಮುಂದಿಟ್ಟು
ನಗುತ್ತ ಸಿಗರೇಟಿಗೆ ಹೊರಗೆ ಹೋದರು.
ಮೀನು ಅವನನ್ನು ನೋಡಿತು, ಅವನು ಮೀನನ್ನು.
ಮೊದಲ ತುತ್ತಿಗೇ ಗಂಟಲಲ್ಲಿ ಮುಳ್ಳು.
ಶೇವಂತಿಬಾಯಿ ಒಣ ಅನ್ನದ ಉಂಡೆ ಕೊಟ್ಟಳು. ನುಂಗಿದ.
ಕಣ್ಣಲ್ಲಿ ನೀರು.
ಮತ್ತೆ ಕೈ ಹಾಕಲು ಭಯ, ಬಿಟ್ಟೇಳಲು ಮಾನ.

ನಾನು ಕೂತಲ್ಲಿಂದಲೇ ಹರಕು ಹಿಂದಿಯಲ್ಲಿ ಹೇಳಿದೆ:
ಬೆನ್ನ ಮೇಲೆ ಒಂದು ಗೀಟು ಎಳಿ. ಹೊಟ್ಟೆಯ ಕಡೆಯಿಂದಲ್ಲ.
ಈಗ ಬಾಲದ ಹತ್ತಿರ ಒತ್ತು. ಮೆಲ್ಲಗೆ.
ಅಲ್ಲ. ಅಲ್ಲ ಮಾರಾಯ.
ಇಷ್ಟು ವರ್ಷ ಎಷ್ಟು ಕೈ ನೋಡಿದ್ದೇನೆ ಈ ಬೆಂಚುಗಳಲ್ಲಿ,
ತಾಂಡೇಲನದು, ನರ್ಸಿನದು, ಐಸ್ ಫ್ಯಾಕ್ಟರಿ ಹುಡುಗರ ಮರಗಟ್ಟಿದ ಬೆರಳು.
ನೋಡಿ ಕಲಿತದ್ದು ಬಾಯಿಗೆ ಬರಲೊಲ್ಲದು.
ಎದ್ದು ಹೋಗಿ ಎದುರು ಕೂತೆ.

ಮಷಿನು ಬರುವ ಮೊದಲು
ಕಟ್ಟಿನಿಂದ ಟಿಕೆಟು ಹರಿದ ಬೆರಳು ಇವು,
ಹರಿಯುವ ಗೆರೆ ಎಲ್ಲಿದೆಯೆಂದು ಘಾಟಿನ ಕತ್ತಲಲ್ಲೂ ಗೊತ್ತು.
ಹಿಡಿದೆ. ಒಂದೇ ಎಳೆತ.
ಬಾಲದಿಂದ ತಲೆಯವರೆಗೆ ನಡುಮುಳ್ಳು
ಬಾಚಣಿಗೆ ಎದ್ದ ಹಾಗೆ ಎದ್ದು ಬಂತು.

ಮಕ್ತುಮಸಾಬನ ಕಡಿಯ ಗ್ಲಾಸು ತುಟಿಯ ಹತ್ತಿರವೇ ನಿಂತಿತು.
‘ನಾಳೆ ಬೋಟಿಗೆ ಬನ್ನಿ ಭಟ್ರೇ’ ಎಂದ ತಾಂಡೇಲ ದಾಮು.
ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.
ಶೇವಂತಿಬಾಯಿ ಏನೂ ಹೇಳದೆ
ನನ್ನ ಮುಂದೆ ಲಿಂಬೆಯ ಹೋಳು ಇಟ್ಟಳು.
ಹುಡುಗ ಇನ್ನೊಂದು ತರಿಸಿ ತಾನೇ ಬಿಡಿಸಿದ.
ಹಲಗೆಯ ಮೇಲಿನ ಕೊನೆಯ ಹೆಸರೂ ಹೋಯಿತು.
ನಾನು ತಿನ್ನಲಿಲ್ಲ. ಕೇಳುತ್ತೀರಿ ಅಂತ ಹೇಳಿದೆ.

ಬೆಳಿಗ್ಗೆ ಐದೂವರೆಗೆ ಗಾಡಿ.
ಲಿಂಬೆ ತಿಕ್ಕಿ, ಸಾಬೂನು ಹಚ್ಚಿ, ಡಿಪೋದ ನಲ್ಲಿಯಲ್ಲಿ ಮತ್ತೆ ತೊಳೆದರೂ
ಬೆರಳ ಸಂದಿಯಲ್ಲಿ ಅದೇ ವಾಸನೆ.
ಮನೆಯಲ್ಲಿ ಏನು ಹೇಳುವುದೆಂದು ಅಂಕೋಲೆಯವರೆಗೂ ಯೋಚಿಸಿದೆ.
ಅಲ್ಲಿ ಬುಟ್ಟಿಯ ಹೆಂಗಸರು ಹತ್ತಿದರು.
ಅವರಿಗೆ ಟಿಕೆಟು ಪುಕ್ಕಟೆ, ಬುಟ್ಟಿಗೆ ಮಾತ್ರ ಲಗೇಜು.
ಸೊಂಟದ ಚೀಲದಿಂದ ತೆಗೆದು ಕೊಟ್ಟರು,
ನಾಲ್ಕಾಗಿ ಮಡಚಿದ, ತೇವದ ಹತ್ತರ ನೋಟು.
ಮೂಗಿನ ಹತ್ತಿರ ತಂದೆ.
ಹತ್ತೊಂಬತ್ತು ವರ್ಷ ಇವನ್ನೇ ಎಣಿಸಿದ್ದೇನೆ,
ಪ್ರತಿ ನೋಟಿಗೂ
ಬೆರಳು ನಾಲಗೆಗೆ ಒತ್ತಿ.